ನಡುಕೋಣೆಯ ಸಂಧಾನ

ಅಂತರರಾಷ್ಟ್ರೀಯ ಸಂಬಂಧ ಎಂಬ ಉಪವಿಷಯಕ್ಕೆ ಆ ಕಾಲೇಜಿನಲ್ಲಿ ಸ್ವಂತದ್ದೊಂದು ಕೋಣೆಯೂ ಇರಲಿಲ್ಲ. ಇತಿಹಾಸದವರು ಒಂದು ತುಂಡು, ಅರ್ಥಶಾಸ್ತ್ರದವರು ಒಂದು ತುಂಡು, ರಾಜ್ಯಶಾಸ್ತ್ರದವರು ಉಳಿದದ್ದು ಕಲಿಸುತ್ತಿದ್ದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಉಸಾಬರಿಯೂ ಯಾರಿಗೂ ಬೇಕಿರಲಿಲ್ಲ. ಗಣಿತ ಓದುತ್ತಿದ್ದ ಒಬ್ಬ ಹುಡುಗಿ ಮಾತ್ರ ಅದನ್ನು ತಲೆಗೆ ಹಚ್ಚಿಕೊಂಡಿದ್ದಳು. ಮನೆಯಲ್ಲೂ ಗಡಿ, ಕದನವಿರಾಮ ಎಂದೇ ಕೊರೆಯುತ್ತಿದ್ದಳು. ಸೋದರತ್ತೆ ಅವಳಿಗೆ ರಾಯಭಾರಿ ಎಂದು ಹೆಸರಿಟ್ಟಿದ್ದಳು.

ಕೊನೆಯ ಪರೀಕ್ಷೆಯ ಬದಲು ಒಂದು ಕೆಲಸ ಕೊಟ್ಟಿದ್ದರು: ಕೈಗೆಟಕುವ ನಿಜವಾದ ಜಗಳವೊಂದನ್ನು ಹಿಡಿದು ಸಂಧಾನ ಮಾಡಿಸಿ, ವರದಿ ಬರೆಯಬೇಕು. ರಾಯಭಾರಿ ದೂರ ಹೋಗಬೇಕಾಗಲಿಲ್ಲ. ಅಪ್ಪ, ಚಿಕ್ಕಪ್ಪ ಒಂದೇ ಮನೆಯ ಎರಡು ಭಾಗಗಳಲ್ಲಿದ್ದರೂ ಮುಖ ಕೊಟ್ಟು ಮಾತಾಡಿ ಎಷ್ಟೋ ವರ್ಷಗಳಾಗಿದ್ದವು. ತಾತ ಮನೆ ಹಂಚುವಾಗ ನಡುವಿನ ಕೋಣೆ ಯಾರಿಗೆಂದು ಹೇಳದೆ ಕಣ್ಣು ಮುಚ್ಚಿದ್ದ. ಅಣ್ಣ ತನ್ನದೆಂದ, ತಮ್ಮ ತನ್ನದೆಂದ. ತೀರ್ಮಾನ ಆಗುವವರೆಗೆ ಇರಲಿ ಎಂದು ಅವರ ಮದುವೆಯಾಗದ ತಂಗಿ, ಅಂದರೆ ಆ ಸೋದರತ್ತೆ, ಅಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಉಳಿದಳು. ತೀರ್ಮಾನ ಆಗಲಿಲ್ಲ, ಅವಳ ಕೂದಲು ನೆರೆಯಿತು. ರಾಯಭಾರಿ ಹುಟ್ಟಿದಾಗಿನಿಂದ ತೊಟ್ಟ ಬಟ್ಟೆಯೆಲ್ಲ ಆ ಕೋಣೆಯಲ್ಲೇ ಹೊಲಿದದ್ದು.

ಜಗಳವಾಡಿದವರನ್ನು ಮೊದಲೇ ಎದುರುಬದುರು ಕೂರಿಸಬಾರದು, ಮಧ್ಯಸ್ಥರು ಇಬ್ಬರ ನಡುವೆ ಓಡಾಡಬೇಕು ಎಂದು ರಾಜ್ಯಶಾಸ್ತ್ರದ ಮೇಷ್ಟರು ಕಲಿಸಿದ್ದರು. ಹಕ್ಕು ಕೇಳಿದವರಷ್ಟೇ ಪಕ್ಷಗಾರರು ಎಂದೂ ಹೇಳಿದ್ದರು. ಅತ್ತೆ ಯಾವತ್ತೂ ಏನನ್ನೂ ಕೇಳಿದವಳಲ್ಲ. ಅಪ್ಪನ ಕಡೆಯಿಂದ ಚಿಕ್ಕಪ್ಪನ ಕಡೆಗೆ ಹೋಗಲು ಅವಳ ಕೋಣೆಯೇ ದಾರಿ. ಪುಣ್ಯಾತ್ಗಿತ್ತಿ ರಾಯಭಾರಿ ದಿನವೂ ಅದನ್ನೇ ಹಾದು ಓಡಾಡಿದಳು, ಒಮ್ಮೆಯೂ ನಿಂತು ಅತ್ತೆಯನ್ನು ಕೇಳಲಿಲ್ಲ.

ಕಡೆಗೆ ಇಬ್ಬರೂ ಬಗ್ಗಿದರು. ಕೋಣೆಯ ನಡುವೆ ಗೋಡೆ. ಒಂದರ್ಧದಲ್ಲಿ ಚಿಕ್ಕಪ್ಪ ಅಡುಗೆಮನೆ ಹಿಗ್ಗಿಸುತ್ತಾನೆ, ಇನ್ನೊಂದರಲ್ಲಿ ಅಪ್ಪ ಸ್ಕೂಟರ್ ನಿಲ್ಲಿಸುತ್ತಾನೆ. ರಾಯಭಾರಿ ಒಪ್ಪಂದವನ್ನು ಗಂಭೀರವಾಗಿ ಓದಿ ಹೇಳಿದಳು, ಇಬ್ಬರೂ ಸಹಿ ಹಾಕಿದರು, ಅತ್ತೆ ಎಲ್ಲರಿಗೂ ಚಹಾ ತಂದುಕೊಟ್ಟಳು.

"ಹಾಗಾದ್ರೆ ಮೆಷಿನ್ ಎಲ್ಲಿಡ್ಲಿ?" ಎಂದಳು ಅತ್ತೆ.

ರಾಯಭಾರಿ ಒಪ್ಪಂದದ ಹಾಳೆಯನ್ನು ಮತ್ತೆ ಮೊದಲಿಂದ ಓದಿದಳು.

"ಅಣ್ಣನ ಕಡೆ ಇರ್ಲಿ ಬಿಡು, ದೊಡ್ಡೋನಲ್ವಾ," ಎಂದ ಚಿಕ್ಕಪ್ಪ.

"ಛೆ ಛೆ, ನಿನ್ನ ಕಂಡ್ರೇ ಅವಳಿಗೆ ಪ್ರಾಣ. ನಿನ್ನ ಕಡೇನೇ ಇರ್ಲಿ," ಎಂದ ಅಪ್ಪ.

ಅಂಗೈಯಗಲ ಜಾಗಕ್ಕೆ ಹಲ್ಲು ಕಡಿದವರು ಈಗ ನಿನಗಿರಲಿ, ನಿನಗಿರಲಿ ಎಂದು ಉಪಚಾರಕ್ಕಿಳಿದರು. ಎಂಥ ಔದಾರ್ಯ! ವಾರ ಕಳೆಯುವಷ್ಟರಲ್ಲಿ ಇಬ್ಬರೂ ಜೊತೆಯಾಗಿ ಹೋಗಿ ಹೆಂಗಸರ ಹಾಸ್ಟೆಲೊಂದರಲ್ಲಿ ಅತ್ತೆಗೆ ಮಂಚ ಗೊತ್ತು ಮಾಡಿಬಂದರು. ಅಲ್ಲಿ ಸದ್ದು ಮಾಡುವ ಯಂತ್ರ ಇಡುವ ಹಾಗಿರಲಿಲ್ಲ. ಅದನ್ನು ಒಯ್ಯಲು ಗುಜರಿಯವನಿಗೆ ಹೇಳಿದರು.

"ಅಪ್ಪಾ, ಆ ಒಪ್ಪಂದ ಕಾಲೇಜಿಗೆ ಅಂತ ಮಾಡಿದ್ದು. ಹರಿದು ಹಾಕ್ಬಿಡೋಣ," ಎಂದು ರಾಯಭಾರಿ ಗೋಗರೆದಳು.

"ಹುಚ್ಚು ಹುಡುಗಿ, ನನ್ನ ತಮ್ಮನ್ನ ನಂಗೆ ವಾಪಸ್ ಕೊಡಿಸಿದೀಯ. ಈಗ ಮತ್ತೆ ಕಿತ್ಕೋತೀಯಾ?" ಎಂದ ಅಪ್ಪ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ವರದಿಯ ಕೊನೆಯ ಪುಟದಲ್ಲಿ ಅವಳು ಅತ್ತೆಯ ವಿಷಯ ಬರೆದಳು; ತಪ್ಪು ತನ್ನದೆಂದೂ ಬರೆದಳು. ಇತಿಹಾಸದವರು ಜಗಳದ ಮೂಲ ಚೆನ್ನಾಗಿ ಕೆದಕಿದ್ದೀ ಎಂದರು. ಅರ್ಥಶಾಸ್ತ್ರದ ಮೇಡಂಗೆ ಹಂಚಿಕೆ ಹಿಡಿಸಿತು. ಎರಡೂ ಸಹಿ ನೋಡಿ ರಾಜ್ಯಶಾಸ್ತ್ರದ ಮೇಷ್ಟರು ಹಿರಿಹಿರಿ ಹಿಗ್ಗಿದರು. ಕೊನೆಯ ಪುಟ ತಮ್ಮ ವಿಭಾಗಕ್ಕೆ ಸೇರಿದ್ದಲ್ಲವೆಂದು ಮೂವರೂ ಬಿಟ್ಟಿದ್ದರು. ಅವಳಿಗೆ ತರಗತಿಯಲ್ಲೇ ಮೊದಲ ಸ್ಥಾನ ಬಂತು.

ಗುಜರಿಯವನ ಗಾಡಿ ಬಂದ ದಿನ ಅಣ್ಣತಮ್ಮಂದಿರು ಯಂತ್ರವನ್ನು ಎರಡು ಕಡೆಯಿಂದ ಎತ್ತಿಕೊಂಡು, ಚಿಕ್ಕಂದಿನ ಹಾಗೆ ಒಬ್ಬರನ್ನೊಬ್ಬರು ಕಿಚಾಯಿಸುತ್ತ ಹೊರಟರು. ಅತ್ತೆ ಬಟ್ಟೆಯ ಚೀಲ ಹಿಡಿದು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು.

"ನನ್ನನ್ನೂ ಒಂದು ಮಾತು ಕೇಳ್ಬಾರ್ದಿತ್ತೇನೇ?" ಎಂದಳು, ಮೆಲ್ಲಗೆ.

ಹುಡುಗಿ ಅತ್ತೆಯ ಕೈಯಿಂದ ಚೀಲ ತೆಗೆದುಕೊಳ್ಳಹೋದಳು.

"ಏ, ಬಾಗಿಲು ಹಿಡ್ಕೊಳ್ಳೇ, ತಗಲುತ್ತೆ," ಎಂದು ಅಪ್ಪ ಕೂಗಿದ.

ಅವಳು ಹಿಡಿದುಕೊಂಡಳು.