ಗುಂಪು ಬಿಡಿಸುವ ಮಾತು

ಹಂಪಣ್ಣ ಹೈದರಾಬಾದಿನಲ್ಲಿ ಉರ್ದುವಿನಲ್ಲೇ ದೊಡ್ಡ ಗಣಿತ ಓದಿ ಬಂದು ಕೊಪ್ಪಳದಲ್ಲಿ ಮಾಸ್ತರನಾಗಿದ್ದ. ಊರಿನವರಿಗೆ ಗಣಿತವೆಂದರೆ ಮಗ್ಗಿ. ಅವನ ತಲೆಯೊಳಗಿನದನ್ನು ಕೇಳುವ ಜೀವವೊಂದೂ ಸುತ್ತಲ ತಾಲೂಕುಗಳಲ್ಲಿ ಇರಲಿಲ್ಲ. ಪಾಪ, ಒಂಟಿತನ ತಡೆಯಲಾರದೆ, ಸಂಜೆಯಾದರೆ ಕೊಪ್ಪಳದ ಮಗ್ಗುಲ ಭಾಗ್ಯನಗರದ ಮನೆಯ ಕಟ್ಟೆಯ ಮೇಲೆ ಹೆಂಡತಿ ಶಂಕ್ರಮ್ಮನನ್ನು ಕೂರಿಸಿಕೊಂಡು, ತಾನೇ ಕಟ್ಟಿದ ಕನ್ನಡ ಮಾತುಗಳಲ್ಲಿ ಗಣಿತ ಶುರುಮಾಡುತ್ತಿದ್ದ. ಅವಳು ಶೇಂಗಾ ಸುಲಿಯುತ್ತ ಹೂಂಗುಟ್ಟುತ್ತಿದ್ದಳು. ಅವನಿಗೆ ಅಷ್ಟೇ ಸಾಕಿತ್ತು.

ಒಂದು ಸಂಜೆ, ತಾನು ಸಾಧಿಸಹೊರಟಿದ್ದ ಗಣಿತದ ಮಾತೊಂದನ್ನು ದನಿ ಏರಿಸಿ ಹೇಳಿದ: "ಗುಂಪಿನಾಗ ಯಾವ ಇಬ್ಬರು ವಾರಿಗಿಯವರನ್ನ ಹಿಡಿದ್ರೂ, ಅವರಿಬ್ಬರು ಕಟ್ಟಿದ್ದನ್ನ ಬಿಡಸಾಕ ಬಂತಂದ್ರ, ಇಡೀ ಗುಂಪನ್ನ ಬಿಡಿಸಬೌದು."

ಬೀದಿಯಲ್ಲಿ ಹೋಗುತ್ತಿದ್ದ ಯಾವನೋ ಚಾಡಿಕೋರನಿಗೆ ಅಷ್ಟೇ ಕೇಳಿಸಿತು. ನಾಲ್ಕು ಜನ ಸೇರಿದರೆ ನಿಜಾಮರ ಸರ್ಕಾರ ಉರಿದುಬೀಳುತ್ತಿದ್ದ ಕಾಲ. ಆ ವಾರ ಹುಡುಗರ ಗುಂಪೊಂದನ್ನು ಜೈಲಿಗೆ ಬೇರೆ ಹಾಕಿದ್ದರು. ಮರುದಿನ ಗಂಡಹೆಂಡಿರು ಠಾಣೆಯಲ್ಲಿ ನಿಂತಿದ್ದರು.

"ಜೈಲಿನಾಗಿನ ಗುಂಪು ಯಾವಾಗ ಬಿಡಸ್ತೀರಿ?" ಎಂದ ಠಾಣೆಯ ಮುಖ್ಯಸ್ಥ ಅಮೀನ.

ಹಂಪಣ್ಣ, ನೌಕರಿಯೂ ಹೋಯಿತು, ಮಾನವೂ ಹೋಯಿತು ಎಂದುಕೊಂಡು ಉರ್ದುವಿನಲ್ಲಿ ವಿವರಿಸಹೊರಟ. ಗುಂಪಿಗೆ 'ಗಿರೋಹ್' ಎಂದ. ಆ ಠಾಣೆಯಲ್ಲಿ ಗಿರೋಹ್ ಎಂದರೆ ಡಕಾಯಿತರ ದಂಡೇ. ಅಮೀನನ ಮುಖ ಇನ್ನಷ್ಟು ಬಿಗಿಯಿತು.

"ನಾ ಹೇಳ್ತೀನ್ರಿ ಸಾಹೇಬ್ರ," ಎಂದಳು ಶಂಕ್ರಮ್ಮ. ಪೊಲೀಸರ ಐದು ಟೋಪಿ ಇಸಿದುಕೊಂಡು ಬೆಂಚಿನ ಮೇಲೆ ಸಾಲಾಗಿಟ್ಟಳು. ಮೊದಲ ಮೂರರ ಜಾಗ ಸುತ್ತಿಸಿದಳು, ಆಮೇಲೆ ಕೊನೆಯ ಮೂರರದು. "ಹಿಂಗ ಜಾಗಾ ಬದಲಿಸೋ ಆಟ ಎಲ್ಲಾ ಕೂಡಿ ಒಂದು ಗುಂಪು. ಈ ಎರಡೂ ಆಟ ಒಂದ ನಮೂನಿ, ಜಾಗಾ ಅಷ್ಟ ಬ್ಯಾರೆ, ಅದಕ್ಕ ವಾರಿಗಿಯವು. ಉಳ್ಳಾಗಡ್ಡಿಗತೆ ಪದರ ಪದರ ಬಿಚ್ಚಿದ್ರ ಗುಂಪು ಬಿಡಿಸಿದಂಗ. ಈ ಐದು ಟೋಪಿ ಗುಂಪು ಬಿಚ್ಚಂಗಿಲ್ರಿ. ಅದನ್ನ ತೋರಸಾಕ ಈ ಎರಡು ಆಟನ ಸಾಕು."

ಹಂಪಣ್ಣ ಬೆರಗಾಗಿ ಅವಳನ್ನೇ ನೋಡಿದ. ಆ ಕೊನೆಯ ಮಾತನ್ನು ಅವನು ಹೇಳಿಕೊಟ್ಟಿರಲೇ ಇಲ್ಲ.

"ಎಲ್ಲಾ ಗುಂಪಿಗೂ ಹಿಂಗ ಎರಡ ಸಾಕು ಅಂತ ಸಾಬೀತು ಐತೇನು?" ಅಮೀನ ಕೇಳಿದ.

"ಇನ್ನೂ ಇಲ್ರಿ. ನಮ್ಮನಿಯವ್ರು ಹುಡುಕಾಕತ್ಯಾರ."

"ಸಾಬೀತಿಲ್ಲ ಅಂದ್ಮ್ಯಾಲ ನಾ ಹ್ಯಾಂಗ ಒಳಗ ಹಾಕ್ಲಿ? ನಡೀರಿ ಮನಿಗೆ." ಪೊಲೀಸರು ನಗುತ್ತ ಟೋಪಿ ಹಾಕಿಕೊಂಡರು.

ಹೊರಗೆ ಬಂದೊಡನೆ ಹಂಪಣ್ಣ ಕೇಳಿದ: "ಇದನ್ನೆಲ್ಲಾ ಯಾವಾಗ ತಿಳಕೊಂಡಿ?"

"ದಿನಾ ಹೇಳ್ತಿದ್ರೆಲ್ಲ, ಕೇಳೂದು ಬ್ಯಾಡೇನು?" ಶಂಕ್ರಮ್ಮ ಸೆರಗು ಸರಿಮಾಡಿಕೊಂಡಳು. "ಆದ್ರ ಸಾಬೀತು ಹುಡುಕೋ ನಿಮ್ಮ ದಾರ್ಯಾಗ ಒಂದು ತಪ್ಪೈತಿ ನೋಡ್ರಿ. ಮನಿಗೆ ಹೋಗಿ ತೋರಸ್ತೀನಿ."

ಹಂಪಣ್ಣನಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಅವಳಿಗಿಂತ ಮುಂದೆ ಬಿರಬಿರನೆ ನಡೆದ.