ಒಂದು ಉದಾಹರಣೆ ಕೊಡು

ಮೊರೆನಿಕೆ ಮಗಳ ಕೈಚೀಲವನ್ನು ಶೌಚಾಲಯದ ಸಿಂಕಿನ ಪಕ್ಕದ ಕಟ್ಟೆಯ ಮೇಲೆ ಬೋರಲು ಹಾಕಿ ಕೊಡವಿದಳು. ಬಾಚಣಿಗೆ, ಟಿಶ್ಯೂ, ಫೋನಿನ ಚಾರ್ಜರು, ಅರ್ಧ ತಿಂದ ಚಾಕೊಲೇಟು ಉದುರಿದವು. ಕೊನೆಗೆ ನಾಲ್ಕು ಮಡಿಕೆಯ ಒಂದು ಹಾಳೆ ಬಿತ್ತು.

“ಇದೇ ತಾನೇ?”

“ಅಮ್ಮಾ, ಕೊಡು. ಬಾಬಾ ಬರೆಸಿದ್ದು ಅದು.”

“ಯಾರು ಬರೆಸಿದ್ದು ಅಂತ ಗೊತ್ತು. ನಿನ್ನೆ ನೀನು ಸ್ನಾನಕ್ಕೆ ಹೋದಾಗ ಓದಿದೆ. ನಮ್ಮಪ್ಪ, ನಿನ್ನ ಅಜ್ಜ, ಮೋಸಗಾರ ಅಂತ ಇನ್ನೂರು ಜನದ ಮುಂದೆ ಮೈಕಲ್ಲಿ ಹೇಳ್ತೀಯಾ?”

“ನಾನು ಹೇಳ್ತಿಲ್ಲ, ಅವರೇ ಹೇಳಿರೋದು. ಅವರ ಶವದ ಪೆಟ್ಟಿಗೆ ಮುಚ್ಚೋ ಮುಂಚೆ ಓದ್ತೀನಿ ಅಂತ ಮಾತು ಕೊಟ್ಟಿದೀನಿ.”

“ಎಂಬತ್ತೊಂದು ವರ್ಷದ ಮುದುಕ ಏನೋ ಅಂದ, ಇವಳು ಮಾತು ಕೊಟ್ಟಳಂತೆ! ಇವತ್ತು ಹಂಚಿರೋ ಪುಸ್ತಕದ ಆರನೇ ಪುಟದಲ್ಲಿ ಮೊಮ್ಮಗಳ ಮಾತು ಅಂತ ಅಚ್ಚು ಹಾಕ್ಸಿದೀನಿ. ಅದನ್ನ ಓದು, ಇಳಿದು ಬಾ.”

ಮೊರೆನಿಕೆ ಹಾಳೆಯನ್ನು ಹರಿದು ಕಮೋಡಿಗೆ ಹಾಕಿ ನೀರು ಬಿಟ್ಟಳು. ಒಂದು ಚೂರು ತೇಲುತ್ತಾ ಉಳಿಯಿತು. ಅದಕ್ಕಾಗಿ ಇನ್ನೊಂದು ಸಲ ನೀರು ಬಿಟ್ಟಳು. ಹದಿನೇಳು ವರ್ಷದ ಇಬಿದುನ್ ಗೋಡೆಗೆ ಒರಗಿ ನೋಡುತ್ತಿದ್ದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಬಾಗಿಲು ಬಡಿದವಳು ಸಿಕೆಮಿ ಆಂಟಿ. ಅಮೆರಿಕದ ಮೇರಿಲ್ಯಾಂಡಿನಲ್ಲಿರುವ ನಮ್ಮ ನೈಜೀರಿಯಾ ಊರಿನವರ ಸಂಘದಲ್ಲಿ ಹೆಣ ಎತ್ತುವುದರಿಂದ ಹಿಡಿದು ತೊಟ್ಟಿಲು ತೂಗುವವರೆಗೆ ಅವಳಿಲ್ಲದೆ ನಡೆಯುವುದಿಲ್ಲ. “ಏನ್ರೇ, ಅಮ್ಮ ಮಗಳು ಇಲ್ಲೇ ಸಂಸಾರ ಹೂಡಿದ್ರಾ? ಒಂದು ಗಂಟೆಗೆ ಇನ್ನೊಬ್ಬರ ಹೆಣ ಬರುತ್ತಂತೆ, ಆ ಬಿಳಿ ಮ್ಯಾನೇಜರು ಗಡಿಯಾರ ನೋಡ್ಕೊಂಡು ನಿಂತಿದಾನೆ. ನಮ್ಮೂರ ಚೀಫ್ ಲಾದಿಪೊ ಬಂದಾಯ್ತು. ಮುಂದಿನ ಕುರ್ಚೀಲೇ ಕೂರಿಸಿದೀನಿ.”

“ಚೀಫ್ ಬಂದ್ರಾ?” ಮೊರೆನಿಕೆ ಕನ್ನಡಿಯ ಮುಂದೆ ತಲೆಗೆ ಸುತ್ತಿದ್ದ ಗೆಲೆ ಬಟ್ಟೆಯನ್ನು ಸರಿಮಾಡಿಕೊಂಡಳು. ಮಗಳ ಕಡೆ ತಿರುಗಿ, “ಅವರ ಮುಂದೆ ನನ್ನ ಮಾನ ಕಳೀಬೇಡ” ಅಂದಳು.

ಅಂತ್ಯಕ್ರಿಯೆಯ ಸಭಾಂಗಣದಲ್ಲಿ ಇನ್ನೂರು ಜನ ಒಂದೇ ಬಣ್ಣದ ಬಟ್ಟೆಯಲ್ಲಿ ಕೂತಿದ್ದರು. ಮಾಗಿ ಹೋದ ಮುದುಕರ ಸಾವಿಗೆ ನಮ್ಮಲ್ಲಿ ಅಳುವುದಕ್ಕಿಂತ ಬಟ್ಟೆಯ ಬಣ್ಣ ಆರಿಸುವುದೇ ಹೆಚ್ಚಿನ ಕೆಲಸ. ತೆರೆದ ಪೆಟ್ಟಿಗೆಯಲ್ಲಿ ಬಾಬಾ ಓಯೆನಿರಾನ್ ಬಿಳಿ ನಿಲುವಂಗಿಯಲ್ಲಿ, ಬದುಕಿದ್ದಾಗ ಎಂದೂ ಇಲ್ಲದಷ್ಟು ಠೀವಿಯಿಂದ ಮಲಗಿದ್ದರು. ಎಲ್ಲರ ಕೈಯಲ್ಲೂ ನುಣುಪು ಕಾಗದದ ಪುಸ್ತಕ. ಮುಖಪುಟದಲ್ಲಿ ಅವರ ಚಿತ್ರ, ಕೆಳಗೆ ‘ಚುನಾವಣಾ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕೈಗೆ ಕೊಳೆ ಮೆತ್ತಿಕೊಳ್ಳದ ಅಧಿಕಾರಿ.’

*

ಹಿಂದಿನ ಚಳಿಗಾಲದಲ್ಲಿ ಇಬಿದುನ್‌ಗೆ ರಾಜ್ಯಶಾಸ್ತ್ರದ ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೊಂದು ಬಂದಿತ್ತು. ಆರು ದೇಶಗಳ ಸರ್ಕಾರಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವ ಪಾಠ ಅದು. ಹೈಸ್ಕೂಲಿನಲ್ಲೇ ಕಾಲೇಜಿನ ಮಟ್ಟದ್ದು, ಅದರಲ್ಲಿ ಗೆದ್ದರೆ ಒಳ್ಳೆಯ ಕಾಲೇಜು ಸಿಗುತ್ತದೆ ಎಂದು ಮೊರೆನಿಕೆಯೇ ಹಟ ಮಾಡಿ ತೆಗೆಸಿದ್ದಳು.

“ಆರು ದೇಶದಲ್ಲಿ ಒಂದು ನೈಜೀರಿಯಾ ಕಣೇ! ಸ್ವಂತ ಊರಿನ ವಿಷಯದಲ್ಲೇ ಸೊನ್ನೆ ತರ್ತೀಯಲ್ಲ, ನಾಚಿಕೆ ಆಗಲ್ವಾ? ನಾನು ಯಾರ ಶಿಫಾರಸೂ ಇಲ್ಲದೆ, ಬರೀ ಓದಿ ನರ್ಸಿಂಗ್ ಸೀಟು ತಗೊಂಡವಳು.” ಈ ಕಡೆಯ ವಾಕ್ಯ ಆ ಮನೆಯಲ್ಲಿ ಊಟಕ್ಕೆ ಮುಂಚಿನ ಪ್ರಾರ್ಥನೆಯಷ್ಟೇ ಸಲ ಕೇಳಿಬರುತ್ತಿತ್ತು.

ಆಸ್ಪತ್ರೆಯಲ್ಲಿ ಹೆಚ್ಚಿನ ಪಾಳಿ ಮಾಡಿ ಮೊರೆನಿಕೆ ಒಹಾಯೋದ ಕೆಲ್ಸಿ ಎಂಬ ಹುಡುಗಿಯನ್ನು ಗೊತ್ತುಮಾಡಿದಳು. ಅವಳು ವಾರಕ್ಕೆರಡು ದಿನ ಲ್ಯಾಪ್‌ಟಾಪಿನಲ್ಲಿ ಬಂದು ನೈಜೀರಿಯಾದ ಚುನಾವಣೆ ಹೇಗೆ ನಡೆಯುತ್ತದೆ ಎಂದು ಹೇಳಿಕೊಡುತ್ತಿದ್ದಳು. ಮೂವತ್ತೊಂದು ವರ್ಷ ಆ ಚುನಾವಣೆಗಳನ್ನು ನಡೆಸಿದ ಮನುಷ್ಯ ಅದೇ ಮೇಜಿನ ಆಚೆ ತುದಿಯಲ್ಲಿ ಕೂತು ಹುರುಳಿಯಂಥ ಕಂದು ಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು.

“ಮತಗಟ್ಟೆಯಲ್ಲಿ ಎಣಿಸಿದ್ದೇ ಮೇಲಿನ ಕಚೇರಿಗೆ ಹೋಗುತ್ತೆ” ಅಂದಳು ಒಂದು ದಿನ ಕೆಲ್ಸಿ.

“ಹೋಗುತ್ತೆ. ದಾರೀಲಿ ಬಟ್ಟೆ ಬದಲಾಯಿಸ್ಕೊಂಡು ಹೋಗುತ್ತೆ” ಅಂದರು ಬಾಬಾ.

ಇಬಿದುನ್ ಕಿಸಕ್ಕನೆ ನಕ್ಕಳು. ಮೊರೆನಿಕೆ ಅಡುಗೆ ಕಟ್ಟೆಯಿಂದಲೇ, “ಅಪ್ಪಾ, ದಯವಿಟ್ಟು. ಪರೀಕ್ಷೆಗೆ ಬೇಕಾದ್ದು ಅವಳಿಗೆ ಗೊತ್ತು, ನಿಮ್ಮ ಕಾಲದ್ದಲ್ಲ ಇದು” ಅಂದಳು. ಬಾಬಾ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಮಾರನೆಯ ದಿನ ಸ್ಕೂಲಿನಿಂದ ಬಂದ ಇಬಿದುನ್ ದಪ್ಪ ಪುಸ್ತಕವನ್ನು ಅವರ ಮಂಚದ ಮೇಲಿಟ್ಟಳು. “ಬಾಬಾ, ಬಟ್ಟೆ ಬದಲಾಯಿಸೋದು ಅಂದ್ರಲ್ಲ, ಅದೇನು?”

ಅಂದಿನಿಂದ ಪ್ರತಿ ಮಧ್ಯಾಹ್ನ, ಮೊರೆನಿಕೆ ಪಾಳಿಯಲ್ಲಿದ್ದಾಗ, ಪಾಠ ನಡೆಯಿತು. ಬಾಬಾ ಆರು ದೇಶಗಳನ್ನು ಅವಳನ್ನು ನೋಡಲು ಬಂದ ಆರು ಗಂಡುಗಳಂತೆ ತೂಗಿ ನೋಡಿದರು. “ಬ್ರಿಟನ್ ಹುಡುಗನಿಗೆ ಮನೆತನ ಇದೆ, ಆದರೆ ಅಜ್ಜಿ ಒಡವೆ ತೋರಿಸ್ಕೊಂಡೇ ಬದುಕ್ತಾನೆ. ರಷ್ಯಾದವನು ಬೇಡ, ಮದುವೆ ಆದಮೇಲೆ ಬಾಗಿಲಿಗೆ ಹೊರಗಿಂದ ಚಿಲಕ ಹಾಕ್ತಾನೆ. ಮೆಕ್ಸಿಕೋದವನು ಪರವಾಗಿಲ್ಲ, ಕುಡಿಯೋದು ಬಿಟ್ಟಿದೀನಿ ಅಂತಿದಾನೆ.”

“ನಮ್ಮವನು?”

“ನಮ್ಮವನು ಸಾಲದ ಸೂಟು ಹಾಕ್ಕೊಂಡು ಬಂದಿದಾನೆ. ಆದರೆ ಮಾತು ಕೇಳು, ಸಕ್ಕರೆ.”

ನಲವತ್ತೊಂದು ಎಪ್ಪತ್ತೆಂಟಾಯಿತು. ಮೊರೆನಿಕೆ ಕೆಲ್ಸಿಗೆ ಧನ್ಯವಾದದ ಪತ್ರ ಬರೆದಳು.

*

ಆ ಪರೀಕ್ಷೆಯ ಪ್ರಶ್ನೆಗಳು ಯಾವಾಗಲೂ ಮೂರು ಮೆಟ್ಟಿಲು. ಹೇಳು, ವಿವರಿಸು, ಒಂದು ಉದಾಹರಣೆ ಕೊಡು. ಮಾರ್ಚಿನ ಒಂದು ಮಧ್ಯಾಹ್ನ ಇಬಿದುನ್ ಮೂರನೆಯ ಮೆಟ್ಟಿಲಲ್ಲಿ ನಿಂತಿದ್ದಳು.

“ಚುನಾವಣೆಯಲ್ಲಿ ಮೋಸ ಆದರೆ ಜನ ಸರ್ಕಾರವನ್ನ ನಂಬಲ್ಲ. ಇಷ್ಟು ಬರೆದಿದೀನಿ. ಉದಾಹರಣೆ ಬೇಕು ಬಾಬಾ.”

ಬಾಬಾ ಕಾಳಿನ ತಟ್ಟೆಯನ್ನು ಪಕ್ಕಕ್ಕಿಟ್ಟರು. ಡಾಕ್ಟರು ಅವರಿಗೆ ಉಳಿದಿರುವ ತಿಂಗಳುಗಳನ್ನು ಹೇಳಿ ಆಗಲೇ ಎರಡು ವಾರವಾಗಿತ್ತು.

“ನನ್ನನ್ನೇ ಬರಿ.”

“ಅಂದ್ರೆ?”

“ಇಪ್ಪತ್ತೈದು ವರ್ಷ ಆಯ್ತು. ನಮ್ಮೂರ ಕೌನ್ಸಿಲ್ ಚುನಾವಣೆ. ಗೆದ್ದಿದ್ದು ಕಿಲಾನಿ ಮೇಷ್ಟ್ರು, ಪ್ರೈಮರಿ ಸ್ಕೂಲಿನವನು. ಎಣಿಕೆ ನನ್ನ ಕಣ್ಣ ಮುಂದೆ ಆಗಿತ್ತು. ರಾತ್ರಿ ಹತ್ತು ಗಂಟೆಗೆ, ಸೋತಿದ್ದ ಲಾದಿಪೊ ಸಾಹುಕಾರರು ಬಂದರು, ಈಗಿನ ಚೀಫ್ ಇದಾನಲ್ಲ, ಅವನಪ್ಪ. ಹೆದರಿಸಲಿಲ್ಲ, ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಬೇರೆ ಅಂಕಿ ಬರೆದಿದ್ದ ಹಾಳೆ ಮುಂದಿಟ್ಟರು. ಸಹಿ ಮಾಡಿದೆ.”

“ಮೇಷ್ಟ್ರು?”

“ಅಲ್ಲೇ ನಿಂತಿದ್ದ. ಮತಗಟ್ಟೆಗಳ ನಿಜವಾದ ಎಣಿಕೆ ಅವನ ಕೈಯಲ್ಲೂ ಇತ್ತು. ‘ಸರ್, ಇದನ್ನ ಒಂದು ಸಲ ನೋಡಿ ಸರ್’ ಅಂದ. ನಾನು ಪೆನ್ನಿನ ಮುಚ್ಚಳ ಹಾಕ್ತಾ ಇದ್ದೆ. ಅವನು ಕೂಗಾಡಲಿಲ್ಲ ಮಗಳೇ. ಮಾರನೇ ದಿನ ಸಂತೇಲಿ ಸಿಕ್ಕಾಗ ಹಿರಿಯ ಅಂತ ಎಂದಿನ ಹಾಗೆ ಬಗ್ಗಿ ನಮಸ್ಕಾರ ಮಾಡಿದ. ನಾನು ಊರು ಬಿಡೋವರೆಗೂ ಮಾಡಿದ. ಒಂದು ಸಲ ಉಗಿದಿದ್ದರೆ ಸಾಕಿತ್ತು.”

ಇಬಿದುನ್ ಪೆನ್ನನ್ನು ಹಾಳೆಯ ಮೇಲಿಟ್ಟಳು. “ದುಡ್ಡು ಕೊಟ್ರಾ?”

“ಇಲ್ಲ.” ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಬಾಬಾ ದನಿ ತಗ್ಗಿಸಿದರು. “ನರ್ಸಿಂಗ್ ಸ್ಕೂಲಿನ ಮೊದಲ ಪಟ್ಟಿಯಲ್ಲಿ ನಿಮ್ಮಮ್ಮನ ಹೆಸರು ಇರಲಿಲ್ಲ. ಎರಡನೇ ಪಟ್ಟಿಯಲ್ಲಿ ಬಂತು. ಇದನ್ನ ಮಾತ್ರ ಬರೀಬೇಡ. ಅವಳಿಗೆ ಯಾವತ್ತೂ ತಿಳೀಬಾರದು.”

ಅವಳು ಉಳಿದದ್ದನ್ನು ಬರೆದು ಕೆಲ್ಸಿಗೆ ಕಳಿಸಿದಳು. ಕೆಲ್ಸಿ ಆ ಭಾಗಕ್ಕೆ ಸೊನ್ನೆ ಹಾಕಿ, ಪಕ್ಕದಲ್ಲಿ ಒಂದು ನಗುಮುಖ ಬಿಡಿಸಿ, ‘ಮನೆಯ ಕತೆಗಳು ಪುರಾವೆ ಆಗುವುದಿಲ್ಲ, ಪುಸ್ತಕದಲ್ಲಿರುವ ಉದಾಹರಣೆ ಕೊಡು’ ಎಂದು ಬರೆದಿದ್ದಳು.

ಬಾಬಾ ಅದನ್ನು ಎರಡು ಸಲ ಓದಿಸಿ ಕೇಳಿದರು. “ಅವರಿಗೆ ಬೇಡವಾದರೆ ಬಿಡು. ಬೇರೆ ಹಾಳೆ ತಗೋ, ನಾನು ಹೇಳಿದ ಹಾಗೆ ಬರ್ಕೋ. ನನ್ನನ್ನ ಮಣ್ಣಿಗೆ ಹಾಕೋ ದಿನ ಓದು. ಊರಿನವರೆಲ್ಲ ಇರ್ತಾರೆ. ಅವತ್ತು ಅವರು ನನ್ನನ್ನ ಉಗೀಲಿ.”

*

“ಈಗ ಮೊಮ್ಮಗಳು ಕುಮಾರಿ ಇಬಿದುನ್!” ಎಂದು ಮೈಕಿನವನು ಕೂಗಿದ.

ಇಬಿದುನ್ ಪೆಟ್ಟಿಗೆಯ ತಲೆಯ ಕಡೆ ನಿಂತು ಪುಸ್ತಕದ ಆರನೇ ಪುಟ ತೆರೆದಳು. ‘ನನ್ನ ಅಜ್ಜ ಪ್ರಾಮಾಣಿಕತೆಯ ದೀಪ’ ಎಂದಿತ್ತು. ಮೊದಲ ಸಾಲಿನಲ್ಲಿ ಮೊರೆನಿಕೆ ತಲೆಯಾಡಿಸಿ ಧೈರ್ಯ ಕೊಟ್ಟಳು. ಹುಡುಗಿ ಪುಸ್ತಕ ಮುಚ್ಚಿದಳು. ಹಾಳೆ ಚರಂಡಿಗೆ ಹೋದರೇನು, ಪರೀಕ್ಷೆಗೆಂದು ಕಂಠಪಾಠ ಮಾಡಿದ ಹುಡುಗಿ ಅವಳು.

“ಇದು ಬಾಬಾ ಹೇಳಿ ಬರೆಸಿದ ಮಾತು” ಅಂದಳು. “‘ನಾನು ಓಯೆನಿರಾನ್. ನಮ್ಮೂರ ಕೌನ್ಸಿಲ್ ಚುನಾವಣೆಯಲ್ಲಿ ಕಿಲಾನಿ ಮೇಷ್ಟ್ರು ಗೆದ್ದಿದ್ದರು. ಸೋತವರ ಹೆಸರಿಗೆ ನಾನು ಸಹಿ ಹಾಕಿದೆ. ಗೊತ್ತಿದ್ದೇ ಹಾಕಿದೆ. ಮೇಷ್ಟ್ರನ್ನೂ ನಿಮ್ಮನ್ನೂ ಕ್ಷಮೆ ಕೇಳುವ ಧೈರ್ಯ ಬದುಕಿರುವಾಗ ನನಗೆ ಬರಲಿಲ್ಲ.’”

ಮೊರೆನಿಕೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಇಬಿದುನ್ ಕಾದಳು. ಯಾರಾದರೂ ಎದ್ದು ಹೋಗಬಹುದು, ಬೈಯಬಹುದು. ಬೈದರೆ ಬಾಬಾನ ಭಾರ ಇಳಿದೀತು ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಮೂರನೇ ಸಾಲಿನಿಂದ ಒಬ್ಬರು ನಕ್ಕರು. ಕೆಟ್ಟ ನಗುವಲ್ಲ, ಮಗುವಿನ ತೊದಲು ಕೇಳಿದಾಗ ಬರುತ್ತದಲ್ಲ, ಆ ನಗು.

“ಅಷ್ಟೇನಾ? ನಾನೇನೋ ಎರಡನೇ ಹೆಂಡ್ತಿ ಇದಾಳೆ ಅಂತಾಳೆ ಅಂದ್ಕೊಂಡೆ!”

“ಅಯ್ಯೋ, ಆಗ ಯಾರು ಹಾಕಿಲ್ಲ ಸಹಿ? ನಮ್ಮ ಭಾವ ಎರಡು ಸಲ ಹಾಕಿದಾನೆ.”

“ಪಾಪ, ಎಂಥ ಸೂಕ್ಷ್ಮ ಮನುಷ್ಯ ನೋಡಿ! ಇದನ್ನೂ ಮನಸ್ಸಿಗೆ ಹಚ್ಕೊಂಡಿದ್ದನಲ್ಲ!”

ಸಭೆಯೆಲ್ಲ ನಗು ಹಬ್ಬಿತು. ಇಬಿದುನ್ ಮೈಕನ್ನು ಮತ್ತೆ ಬಾಯಿಯ ಹತ್ತಿರ ತಂದಳು. ಅಷ್ಟರಲ್ಲಿ ಚೀಫ್ ಲಾದಿಪೊ ಊರುಗೋಲು ಕುಟ್ಟುತ್ತಾ ಎದ್ದು ಬಂದು, ಅವಳ ಕೈಯಿಂದ ಮೈಕನ್ನು ಮೆಲ್ಲಗೆ ತೆಗೆದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. ಆ ನೀರು ಸುಳ್ಳಲ್ಲ, ಅದೇ ಹೊಟ್ಟೆ ಉರಿಸುವ ವಿಷಯ.

“ಈ ಮಗು ನಿಜ ಹೇಳಿತು. ನಮ್ಮಪ್ಪನಿಗೆ ಆ ಕುರ್ಚಿ ಕೊಟ್ಟಿದ್ದು ಇವರು. ಕಿಲಾನಿ ಮೇಷ್ಟ್ರು ಒಳ್ಳೆಯವನೇ, ದೇವರು ಅವನಿಗೂ ಶಾಂತಿ ಕೊಡಲಿ. ಆದರೆ ಅವನ ಕೈಯಲ್ಲಿ ರಸ್ತೆ ಆಗ್ತಿತ್ತಾ?”

“ಇಲ್ಲಾ!” ಅಂದಿತು ಸಭೆ.

“ನಮ್ಮಪ್ಪ ಉಪಕಾರ ಮರೆಯೋ ಮನುಷ್ಯನಾ? ಮೊರೆನಿಕೆಗೆ ನರ್ಸಿಂಗ್ ಸೀಟು ಸಿಕ್ಕಿರಲಿಲ್ಲ. ಮರುವಾರವೇ ಚೀಟಿ ಬರೆದರು. ಆ ಚೀಟಿ ತಗೊಂಡು ಸ್ಕೂಲಿಗೆ ಹೋದವನು ಇದೇ ನಾನು! ಇವತ್ತು ನೋಡಿ, ಅಮೆರಿಕದಲ್ಲಿ ಹೆಡ್ ನರ್ಸು. ಋಣ ಅಂದರೆ ಇದು!”

ಚಪ್ಪಾಳೆ ಬಿತ್ತು. ಹಿಂದಿನವರು ಎದ್ದು ನಿಂತು ತಟ್ಟಿದರು. ಇಬಿದುನ್ ಅಮ್ಮನನ್ನು ನೋಡಿದಳು. ಮೊರೆನಿಕೆ ಪೆಟ್ಟಿಗೆಯ ಕಡೆ ನೋಡುತ್ತಿದ್ದಳು. ಅಪ್ಪ ಎದ್ದು ಕೂತು ಇಲ್ಲವೆನ್ನಲಿ ಎಂದು ಕಾಯುವಂತಿತ್ತು ಆ ನೋಟ. ಅವಳ ತುಟಿ ಏನನ್ನೋ ಎಣಿಸುವಂತೆ ಅಲ್ಲಾಡಿತು. ಮೊದಲ ಪಟ್ಟಿ, ಎರಡನೇ ಪಟ್ಟಿ.

ಸಿಕೆಮಿ ಆಂಟಿ ಅವಳ ಪಕ್ಕೆಗೆ ತಿವಿದಳು. “ಏನೇ ಕಲ್ಲಿನ ಹಾಗೆ ಕೂತಿದೀಯ? ಹಿರಿಯರು ಮಾಡಿದ ಉಪಕಾರ ಎಲ್ಲರೆದುರು ಹೇಳ್ತಿದಾರೆ. ಹೋಗು, ಮಂಡಿಯೂರಿ ಧನ್ಯವಾದ ಹೇಳು. ಜನ ನೋಡ್ತಿದಾರೆ.”

“ಅಮ್ಮಾ, ಬೇಡ” ಅಂದಳು ಇಬಿದುನ್. ಮೈಕು ಅವಳ ಕೈಯಲ್ಲಿರಲಿಲ್ಲ, ಯಾರಿಗೂ ಕೇಳಿಸಲಿಲ್ಲ.

ಮೊರೆನಿಕೆ ಎದ್ದಳು. ನಾಲ್ಕು ಹೆಜ್ಜೆ ನಡೆದು, ಅಪ್ಪನ ಪೆಟ್ಟಿಗೆಗೂ ಚೀಫನಿಗೂ ನಡುವೆ, ದುಬಾರಿ ಬಟ್ಟೆ ಮುದುಡುವುದನ್ನೂ ಲೆಕ್ಕಿಸದೆ ಎರಡೂ ಮಂಡಿ ನೆಲಕ್ಕೆ ಊರಿದಳು.

“ಧನ್ಯವಾದ ಸರ್” ಅಂದಳು.

“ಏಳಮ್ಮ, ಏಳು, ನಾವು ಒಂದೇ ಮನೆಯವರು” ಎಂದು ಚೀಫ್ ಅವಳ ಹೆಗಲು ಮುಟ್ಟಿದ.

ಅವಳು ಏಳಲು ಕೈ ಊರಿದಳು. ಫೋಟೋದವನು ಕುರ್ಚಿಗಳನ್ನು ಸರಿಸುತ್ತಾ ಓಡಿ ಬಂದ. “ಮೇಡಂ, ಹಾಗೇ ಇರಿ, ಹಾಗೇ ಇರಿ. ಫೋಟೋದಲ್ಲಿ ಪೆಟ್ಟಿಗೆ ಬರಲಿಲ್ಲ. ಇನ್ನೊಂದೇ ಒಂದು.”

ಮೊರೆನಿಕೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮತ್ತೆ ಮಂಡಿಯ ಮೇಲೆ ನೆಟ್ಟಗೆ ಕೂತು, ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದಳು.