ದಳಪತಿಯ ಚಲ್ಲಣ

ನಾನು ಒಂದು ಚಲ್ಲಣ. ಈಗಿನವರಿಗೆ ನನ್ನ ಹೆಸರೂ ತಿಳಿಯದು. ಸೊಂಟಕ್ಕೆ ಲಾಡಿ, ಮೊಣಕಾಲಿನವರೆಗೆ ದೊಗಳೆ, ಅಲ್ಲಿಂದ ಕೆಳಗೆ ಬಿಗಿಯಾಗಿ ಸುತ್ತುವ ಎರಡು ಕಾಲುಪಟ್ಟಿ. ಹಿಂದಿನ ಸರದಾರರು ಹೀಗೆ ತೊಡುತ್ತಿದ್ದರಂತೆ. ನಾನು ಮಾತ್ರ ಕುದುರೆಯ ಬೆನ್ನು ಕಂಡದ್ದಿಲ್ಲ. ನಾಟಕ ಕಂಪನಿಯ ಹರಿದ ಮಖಮಲ್ಲಿನ ಪರದೆಯಿಂದ ಹುಬ್ಬಳ್ಳಿಯ ದರ್ಜಿಯೊಬ್ಬ ನನ್ನನ್ನು ಹೊಲಿದ. ಜರಿಯೊಂದೇ ಹೊಸದು.

ನನ್ನನ್ನು ತೊಟ್ಟವನು ರುದ್ರಮುನಿ, ದಳಪತಿಯ ಪಾತ್ರದವನು. ನನ್ನನ್ನು ಕಣ್ಣಿಗೊತ್ತಿಕೊಂಡೇ ತೊಡುತ್ತಿದ್ದ. ಅವನು ರಂಗದ ಹಲಗೆಯ ಮೇಲೆ ದಡದಡ ಹೆಜ್ಜೆ ಹಾಕಿ ಬಂದರೆ ಮುಂದಿನ ಸಾಲಿನವರು ಚಾಚಿದ ಕಾಲು ಮಡಚಿಕೊಳ್ಳುತ್ತಿದ್ದರು. ಆಗ ನನಗೂ ಸೊಕ್ಕಿತ್ತು, ಸುಳ್ಳೇಕೆ ಹೇಳಲಿ.

ಕಂಪನಿ ಒಂದೂರಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟು ನಾಟಕವಾಡುವುದಕ್ಕೆ ಕ್ಯಾಂಪ್ ಎನ್ನುತ್ತಾರೆ. ಅಂಥ ಒಂದು ಕ್ಯಾಂಪಿನಲ್ಲಿ ಹಲಗೆಯ ಮೊಳೆ ಅವನ ಬಲಗಾಲನ್ನು ಗೀರಿತು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ. ಮಾಲೀಕರಿಗೆ ತಿಳಿದರೆ ಪಾತ್ರ ಬೇರೆಯವನ ಪಾಲು. ಹೆಂಡತಿ ಶಾವಂತ್ರೆವ್ವ ಅರಿಸಿನ ಮೆತ್ತುತ್ತಾ ಬೇಡಿಕೊಂಡಳು.

"ದವಾಖಾನಿಗೆ ನಡೀರಿ. ಕಾಲ ಉಳಿದ್ರ ಪಾರ್ಟ್ ಮತ್ತ ಸಿಗತೈತಿ."

"ಈ ಕ್ಯಾಂಪ್ ಒಂದು ಮುಗೀಲಿ ತಡಿ. ಪಟ್ಟಿ ಬಿಗಿದ್ರ ಯಾರಿಗೂ ಕಾಣೂದಿಲ್ಲ," ಎಂದ ರುದ್ರಮುನಿ.

ಕಾಣಲಿಲ್ಲ, ನಿಜ. ಗಾಯವನ್ನು ಪಟ್ಟಿ ಮುಚ್ಚಿತು, ಬಾತ ಮೊಣಕಾಲನ್ನು ನಾನು ಮುಚ್ಚಿದೆ, ನಾತವನ್ನು ಅತ್ತರು ಮುಚ್ಚಿತು. ಮೇಲೆ ಥಳಕು, ಒಳಗೆ ಹುಳುಕು. ಜನ ಚಪ್ಪಾಳೆ ತಟ್ಟಿದಾಗಲೆಲ್ಲ ನಾನು ಹರಿದುಹೋಗಬಾರದೇ ಎನಿಸುತ್ತಿತ್ತು. ಆ ದರ್ಜಿಯ ಹೊಲಿಗೆ ಹಾಳಾಗಲಿ, ಅಷ್ಟು ಗಟ್ಟಿ.

ಕ್ಯಾಂಪು ಮುಗಿಯುವ ಮೊದಲೇ ಅವನು ರಂಗದ ಮೇಲೆ ಕುಸಿದ. ಅದನ್ನೂ ಅಭಿನಯವೆಂದುಕೊಂಡು ಜನ ಸಿಳ್ಳೆ ಹಾಕಿದರು. ಆಸ್ಪತ್ರೆಯಲ್ಲಿ ಬಲಗಾಲನ್ನು ತೊಡೆಯ ಹತ್ತಿರವೇ ತೆಗೆದರು.

ಬಣ್ಣ ಹಚ್ಚುವುದನ್ನು ಬಿಡುವ ನಟನಿಗೆ ಅವನ ವೇಷವನ್ನೇ ಕೊಟ್ಟು ಬೀಳ್ಕೊಡುವುದು ನಮ್ಮ ಕಂಪನಿಯ ಪದ್ಧತಿ. ಮಾಲೀಕರಾದ ಸಂಗನಬಸಯ್ಯ ಪದ್ಧತಿ ತಪ್ಪುವವರಲ್ಲ. ಮನೆಗೆ ಬಂದು ಶಾಲು ಹೊದಿಸಿ, ತೆಂಗಿನಕಾಯಿಯ ಜೊತೆ ನನ್ನನ್ನೂ ಎರಡು ಕಾಲುಪಟ್ಟಿಗಳನ್ನೂ ಅವನ ಮಡಿಲಲ್ಲಿಟ್ಟರು. ನನ್ನ ಒಂದು ಕಾಲು ಅವನ ಕಾಲಿನ ಮೇಲೆ ಚಾಚಿಕೊಂಡಿತು. ಇನ್ನೊಂದು ಬರಿ ಹಾಸಿಗೆಯ ಮೇಲೆ ಬಿತ್ತು. ತಾವು ಮಾಡಿದ್ದೇನೆಂದು ಮಾಲೀಕರಿಗೆ ಆಗ ಹೊಳೆಯಿತು.

ರುದ್ರಮುನಿ ಗೋಡೆಯ ಕಡೆ ಹೊರಳಿದ. ಶಾವಂತ್ರೆವ್ವ ಒಂದು ಪಟ್ಟಿಯನ್ನು ಮೆಲ್ಲಗೆ ಸುರುಳಿ ಸುತ್ತಿ ಮಾಲೀಕರ ಕೈಗಿಟ್ಟಳು.

"ಇದೊಂದು ಹೊಳ್ಳಿ ಒಯ್ರಿ, ಮಾಲಕರ. ಮತ್ತ ಯಾರಿಗಾರ ಬೇಕಾದೀತು."

ಈಗ ನಾನು ಅವರ ಮನೆಯ ಟ್ರಂಕಿನಲ್ಲಿದ್ದೇನೆ. ಇಷ್ಟು ದೊಗಳೆಯಾಗಿ ನನ್ನನ್ನು ಹೊಲಿಯದೆ ಇದ್ದಿದ್ದರೆ ಯಾರಾದರೂ ಆ ಕಾಲನ್ನು ನೋಡುತ್ತಿದ್ದರು. ತುಕ್ಕು ತಿಂದ ತೂತಿನಿಂದ ಬಂದ ಇಲಿಯೊಂದು ನನ್ನ ಬಲಗಾಲನ್ನು ಕಡಿಯುತ್ತಿದೆ. ಮಲಗಿದಲ್ಲೇ ಅವನಿಗೆ ಆ ಸದ್ದು ಕೇಳುತ್ತದೆ. ಓಡಿಸು ಎಂದು ಹೆಂಡತಿಗೆ ಹೇಳುವುದಿಲ್ಲ.